ಬಾಯಿಂದ ತುಂಬುವ ಕೋವಿ

ಮಧ್ಯಾಹ್ನ ಮೂರಕ್ಕೆ ಹನಿಯಾಗಿ ಶುರುವಾದ ಮಳೆ ಮೂರೂಕಾಲಿಗೆಲ್ಲ ಗೋಡೆಯಾಗಿ ನಿಂತಿತು. ಗುರಿ ಮೈದಾನದ ಆ ತುದಿಯ ಹಲಗೆಗಳು ಮೊದಲು ಮಸುಕಾದವು, ಆಮೇಲೆ ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ ಮಾಯವಾದವು. ಕೋವಿಗಳನ್ನು ಎದೆಗವಚಿಕೊಂಡು, ಮದ್ದಿನ ಡಬ್ಬಿಗಳನ್ನು ಅಂಗಿಯೊಳಗೆ ತೂರಿಸಿಕೊಂಡು ಐದಾರು ಜನ ತಗಡಿನ ಮಾಡಿನ ಸಾಮಾನು ಕೋಣೆಗೆ ನುಗ್ಗಿದರು. ಒಳಗೆ ಅಂಟಿನ ಬಕೆಟ್ಟು, ಸುರುಳಿ ಸುತ್ತಿಟ್ಟ ಗುರಿಕಾಗದ, ಒಂದು ಕಾಲು ಕುಂಟುವ ಬೆಂಚು, ಕಿಟಕಿಯ ಒಡೆದ ಗಾಜಿಗೆ ಒತ್ತಿಟ್ಟ ರಟ್ಟು. ನಡುವೆ ಸ್ಟೂಲಿನ ಮೇಲೆ ಕೂತ ಮುದುಕಿಯೊಬ್ಬಳು ತೂತುಬಿದ್ದ ಕಾಗದಗಳಿಗೆ ಚೂರು ಕಾಗದ ಅಂಟಿಸುತ್ತಿದ್ದಳು. ನಲವತ್ತು ವರ್ಷದಿಂದ ಅವಳದು ಅದೇ ಕೆಲಸ. ಎಲ್ಲರಿಗೂ ಅವಳು ತೇಪೆಯಮ್ಮ.

ಗಣಿತದ ಟೀಚರ್ ಎಲ್ಲರಿಗಿಂತ ಕೊನೆಗೆ ಬಂದಳು. ನೆಂದದ್ದಕ್ಕಿಂತ ಹೆಚ್ಚಾಗಿ ಸಿಡುಕಿನಲ್ಲಿದ್ದಳು. ಅವಳು ಹೊಸ ಕೋವಿ ಕೊಂಡು ನಾಲ್ಕು ತಿಂಗಳಾಗಿತ್ತು. ಬಾಯಿಂದ ಮದ್ದು ಗುಂಡು ತುಂಬುವ ಹಳೆಯ ಮಾದರಿಯದು. ಈ ದಿನ ಹೊಡೆದ ಕಾಗದವನ್ನು ಬೆಂಚಿನ ಮೇಲೆ ಬಿಡಿಸಿಟ್ಟಳು. ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರ ಹಾಗೆ ಐದು ತೂತು ಐದು ದಿಕ್ಕಿಗೆ ಹೋಗಿದ್ದವು.

“ನನಗಂತೂ ಸಾಕಾಗಿದೆ,” ಎಂದಳು. “ಮದ್ದು ಜಾಸ್ತಿ ಹಾಕಿ ನೋಡ್ದೆ, ಕಮ್ಮಿ ಹಾಕಿ ನೋಡ್ದೆ. ಇಲ್ಲಿ ಯಾರ ಕೋವಿ ಚೆನ್ನಾಗಿ ಹೊಡೆಯುತ್ತೆ ಹೇಳಿ, ಅವರ ಅಳತೇನೇ ಇಸ್ಕೊಂಡುಬಿಡ್ತೀನಿ.”

“ಕೊಡದೇ ಹೋದ್ರೆ?” ಎಂದಳು ತೇಪೆಯಮ್ಮ, ತಲೆ ಎತ್ತದೆ.

“ಕೊಡದಿದ್ರೆ ಕತ್ತು ಹಿಚುಕಿ ಇಸ್ಕೊಳ್ಳೋದು!” ಮೂಲೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದ ಗಡಿಯಾರದಂಗಡಿಯವರು ತಮಾಷೆ ಮಾಡಿದರು. ಎಲ್ಲರೂ ನಕ್ಕರು.

ತೇಪೆಯಮ್ಮ ನಗಲಿಲ್ಲ. ಅಂಟು ಮೆತ್ತಿದ ಬೆರಳುಗಳನ್ನು ಬಟ್ಟೆಗೆ ಒರೆಸಿದಳು. ಒಂದೊಂದೇ ಬೆರಳು, ನಿಧಾನವಾಗಿ.

“ಹಾಗೆ ಇಸ್ಕೊಂಡವನೊಬ್ಬ ನನಗೆ ಗೊತ್ತು,” ಎಂದಳು. “ಬಾಗಿಲು ಮುಂದೆ ಮಾಡಿ, ಇರಚಲು ಹೊಡೀತಿದೆ. ಏನಾದ್ರೂ ತಿಂತಾ ಇದ್ರೆ ಈಗ್ಲೇ ನುಂಗಿಬಿಡಿ. ಆಮೇಲೆ ಇಳಿಯಲ್ಲ.”

ಗಡಿಯಾರದಂಗಡಿಯವರು ಬಿಸ್ಕತ್ತಿನ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು. ಮುದುಕಿ ಹೇಳತೊಡಗಿದಳು.

“ನನಗೊಬ್ಬ ತಮ್ಮ ಇದ್ದ. ಬೀಗ ರಿಪೇರಿ ಮಾಡೋನು, ಕಳೆದುಹೋದ ಕೀಲಿಗೆ ಬದಲಿ ಕೀಲಿ ಉಜ್ಜಿ ಕೊಡೋನು, ಅದಕ್ಕೇ ಎಲ್ಲರ ಬಾಯಲ್ಲೂ ಅವನು ಬೀಗದವ. ಅವನ ಅಂಗಡಿ ನೀವು ನೋಡ್ಬೇಕಿತ್ತು… ಒಂದು ಬೀರುವಿನಷ್ಟು ಜಾಗ, ಅದರಲ್ಲಿ ನಾಲ್ಕು ಸಾವಿರ ಕೀಲಿ, ಕಬ್ಬಿಣದ ಪುಡಿ, ಅರ್ಧ ಕುಡಿದಿಟ್ಟ ಲೋಟ, ಆ ಲೋಟದೊಳಗೆ ನಾಲ್ಕು ತಿರುಪು ಮೊಳೆ. ಶುಚಿ ಅನ್ನೋ ಪದಾನೇ ಅವನಿಗೆ ಆಗ್ತಿರ್ಲಿಲ್ಲ. ಆದ್ರೆ ಕೈ? ಕೈ ಮಾತ್ರ ಚಿನ್ನ. ಅದೇ ಕೈಯಿಂದ ಎರಡು ವರ್ಷ ಒದ್ದಾಡಿ ತನಗೇ ಅಂತ ಒಂದು ಕೋವಿ ಮಾಡ್ಕೊಂಡ. ನಿಮ್ಮದರ ಥರದ್ದೇ, ಟೀಚರೇ. ಮೊದಲು ಮದ್ದು ಸುರೀಬೇಕು, ನಳಿಗೆಯ ಬಾಯಿ ಮೇಲೆ ಒದ್ದೆ ಬಟ್ಟೆಚೂರು ಹಾಸ್ಬೇಕು, ಬಟ್ಟೆ ಮೇಲೆ ಸೀಸದ ಗುಂಡಿಟ್ಟು ಕೋಲಿನಿಂದ ತಳದವರೆಗೆ ದೂಡ್ಬೇಕು.

“ಅವನಿಗೊಬ್ಬ ಸ್ನೇಹಿತ. ಒಂದೇ ಬೆಂಚಲ್ಲಿ ಕೂತು ಓದಿದವರು. ಔಷಧಿ ಅಂಗಡಿ ಅವನದು. ಆಗೆಲ್ಲ ಡಾಕ್ಟರು ಬರೆದದ್ದನ್ನ ಅಂಗಡೀಲೇ ತೂಗಿ, ಕುಟ್ಟಿ, ಪೊಟ್ಟಣ ಕಟ್ಟಿ ಕೊಡ್ತಿದ್ರು. ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟಾಣಿ ತಕ್ಕಡಿ ಇಟ್ಕೊಂಡಿದ್ದ, ಉಸಿರು ಬಿಟ್ರೆ ಅಲ್ಲಾಡೋ ಅಂಥದ್ದು. ನಾವು ಅವನನ್ನೇ ತಕ್ಕಡಿ ಅಂತಿದ್ವಿ. ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯೋನು. ಯಾರಾದ್ರೂ ಬೆರಳು ನೆಕ್ಕಿ ಪುಟ ತಿರುವಿದ್ರೆ ಸಾಕು, ಹರಳೆಣ್ಣೆ ಕುಡಿದವನ ಹಾಗೆ ಮುಖ ಮಾಡೋನು. ಇಂಥ ಇಬ್ಬರು ಹೇಗೆ ಸ್ನೇಹಿತರಾದ್ರು ಅಂತ ಕೇಳ್ತೀರಾ? ನನಗೂ ಗೊತ್ತಿಲ್ಲ. ನನ್ನ ತಮ್ಮನಿಗಂತೂ ಅವನು ಅಂದ್ರೆ ಪ್ರಾಣ.

“ಭಾನುವಾರ ಬಂತು ಅಂದ್ರೆ ಇಬ್ಬರೂ ಇಲ್ಲೇ, ಈ ಮೈದಾನದಲ್ಲೇ, ಅಕ್ಕಪಕ್ಕ. ತಕ್ಕಡಿ ದಡ್ಡ ಅಲ್ಲ, ಅದನ್ನ ಹೇಳ್ಬೇಕು. ಕೋವಿಗೆ ಸರಿಯಾದ ಅಳತೆ ಹುಡುಕೋದು ಹೇಗೆ ಅಂತ ಅವನನ್ನ ನೋಡಿ ಕಲೀಬಹುದಿತ್ತು. ಕಡಿಮೆ ಮದ್ದಿನಿಂದ ಶುರು ಮಾಡೋನು, ಒಂದು ಅಳತೆಗೆ ಐದು ಗುಂಡು, ಪ್ರತಿ ಗುಂಡು ಆದ್ಮೇಲೂ ನಳಿಗೆ ಒರೆಸೋನು, ಆಮೇಲೆ ಐದೈದು ಗ್ರೇನು, ಅಂದ್ರೆ ಒಂದೊಂದು ಚಿಟಿಕೆಯಷ್ಟು, ಏರಿಸ್ಕೊಂಡು ಹೋಗೋನು. ಒಂದು ಸಲಕ್ಕೆ ಒಂದೇ ಬದಲಾವಣೆ. ಮುಂದೆ ಹೋಗಿ ಬಿದ್ದಿದ್ದ ಬಟ್ಟೆಚೂರು ಹೆಕ್ಕಿ ತರೋನು, ಚಿಮಟಿಗೇಲಿ ಹಿಡಿದು ಬೆಳಕಿಗೆ ನೋಡೋನು… ಸುಟ್ಟಿದೆಯಾ, ಹರಿದಿದೆಯಾ? ಎಲ್ಲ ಪುಸ್ತಕದಲ್ಲಿ ಬರೆಯೋನು. ಅಷ್ಟೆಲ್ಲ ಮಾಡಿ ಅವನ ಐದು ತೂತು ಒಂದು ಅಂಗೈಯಗಲ ಬರ್ತಿದ್ವು. ಕೆಟ್ಟದ್ದೇನಲ್ಲ.

“ನನ್ನ ತಮ್ಮ? ಒಂದು ಕೊಂಬಿನ ತುದೀಲಿ ಮದ್ದು ಮೊಗೆಯೋನು, ಅಷ್ಟೇ ಅವನ ಅಳತೆ. ಹಳೇ ಹಾಸಿಗೆ ಬಟ್ಟೆ ಪರ್ ಅಂತ ಹರಿದು ಬಾಯಿಗೆ ಹಾಕ್ಕೊಳ್ಳೋನು. ಒಂದು ಕೆನ್ನೆ ಊದಿಸ್ಕೊಂಡು ಇಡೀ ಮೈದಾನಕ್ಕೆ ಕೇಳೋ ಹಾಗೆ ಹರಟೋನು, ಆಮೇಲೆ ತೊಟ್ಟಿಕ್ಕೋ ಬಟ್ಟೇನ ಬಾಯಿಂದ ಎಳೆದು ನಳಿಗೆ ಮೇಲೆ ಪಚ್ ಅಂತ ಇಡೋನು. ಢಂ! ಐದು ಗುಂಡು, ಒಂದೇ ತೂತು. ಕೋಟಿನ ಗುಂಡಿಯಷ್ಟು. ಯಾವತ್ತೂ ನಡುವಿನಿಂದ ಕೂದಲೆಳೆ ಎಡಕ್ಕೆ, ಕೂದಲೆಳೆ ಮೇಲಕ್ಕೆ. ಅದಕ್ಕೆ ತೇಪೆ ಹಾಕ್ತಿದ್ದವಳು ನಾನೇ ಅಲ್ವಾ? ಸಾವಿರ ತೂತಿನ ನಡುವೆ ಇಟ್ರೂ ಅವನದು ಯಾವುದು ಅಂತ ಹೇಳ್ತಿದ್ದೆ.

“ಹನ್ನೊಂದು ವರ್ಷ ಕಪ್ ಅವನದು. ಅದರಲ್ಲಿ ಎಂಟು ವರ್ಷ ಎರಡನೇ ಜಾಗ ತಕ್ಕಡಿದು. ‘ನಿಜವಾದ ಅಳತೆ ಹೇಳೋ’ ಅಂತ ಪೀಡಿಸೋನು. ನನ್ನ ತಮ್ಮ ಹೇಳೋನು, ‘ನೋಡ್ತಾನೇ ಇದ್ದೀಯಲ್ಲ ಮಾರಾಯ! ಒಂದು ಕೊಂಬು ಮದ್ದು, ಹಾಸಿಗೆ ಬಟ್ಟೆ, ಎಂಜಲು. ಬೇಕಾದ್ರೆ ಬಾ, ಒಂದು ಸಲ ನನ್ನ ಎಂಜಲಲ್ಲೇ ಹೊಡಿ’ ಅಂತ ಬಟ್ಟೆ ಮುಂದೆ ಹಿಡಿಯೋನು. ತಕ್ಕಡಿ ಮೂರು ಹೆಜ್ಜೆ ಹಿಂದೆ ಹೋಗಿ ಕೈ ತೊಳ್ಕೊಳ್ಳೋನು. ಮುಟ್ಟೇ ಇರ್ಲಿಲ್ಲ, ಆದ್ರೂ ತೊಳ್ಕೊಳ್ಳೋನು! ಅವನಿಗೆ ನಂಬಿಕೆಯೇ ಇರ್ಲಿಲ್ಲ, ನೋಡಿ. ಇಷ್ಟು ಕೊಳಕು ಮನುಷ್ಯನಿಗೆ ಇಷ್ಟು ಚೊಕ್ಕ ಗುರಿ ಹೇಗೆ ಸಾಧ್ಯ? ಏನೋ ಬಚ್ಚಿಟ್ಟಿದ್ದಾನೆ ಅಂತ ಅವನ ತಲೇಲಿ ಹುಳ ಬಿಟ್ಟಂಗಾಗಿತ್ತು.

“ಆಮೇಲೆ ನನ್ನ ತಮ್ಮನ ಬಾಯಲ್ಲಿ ಹುಣ್ಣಾಯ್ತು. ನಾಲಿಗೆ ಪಕ್ಕ, ಒಂದು ಬಟಾಣಿಯಷ್ಟು. ಮೊದಲು ಗಮನಿಸ್ಲಿಲ್ಲ, ಗಮನಿಸಿದಾಗ ಹೊತ್ತು ಮೀರಿತ್ತು. ಅರ್ಧ ನಾಲಿಗೆ ಕತ್ತರಿಸಿ ತೆಗೆದ್ರು. ‘ಅಕ್ಕಾ’ ಅಂತ ಕರೆಯೋದು ‘ಅಹ್ಹಾ’ ಅಂತ ಆಯ್ತು. ಆ ಕೂಗು ನನ್ನನ್ನ ಬಿಟ್ರೆ ಇನ್ಯಾರಿಗೂ ಅರ್ಥ ಆಗ್ತಿರ್ಲಿಲ್ಲ. ಕೈಗೊಂದು ಸ್ಲೇಟು ಕೊಟ್ವಿ, ಬೇಕಾದದ್ದು ಬರೆಯೋಕೆ. ಆದ್ರೂ ಹುಣ್ಣು ನಿಲ್ಲಲಿಲ್ಲ, ಗಂಟಲಿಗೆ ಇಳೀತು. ವಾರ್ಡಿನ ಬಾಗಿಲಲ್ಲೇ ವಾಸನೆ ಹೊಡೆಯೋದು. ಸಿಹಿ ವಾಸನೆ ಅದು… ಹೂದಾನಿಯಲ್ಲಿ ಹೂವು ಕೊಳೆತು ನೀರು ಲೋಳೆಯಾದ್ರೆ ಬರುತ್ತಲ್ಲ, ಅಂಥದ್ದು. ಪಕ್ಕದ ಹಾಸಿಗೆಯವರು ಮುಖ ತಿರುಗಿಸಿ ಮಲಗ್ತಿದ್ರು. ತಕ್ಕಡಿ ಮಾತ್ರ ದಿನಾ ಬರೋನು. ಮೂಗಿಗೆ ಕರ್ಚೀಫು ಒತ್ಕೊಂಡು, ಆದ್ರೂ ಬರೋನು. ಅಯ್ಯೋ, ಎಂಥಾ ಸ್ನೇಹ ಅಂತ ನರ್ಸುಗಳೆಲ್ಲ ಕಣ್ಣೀರು ಹಾಕೋರು.

“ಒಂದು ದಿನ ನನ್ನ ತಮ್ಮ ಸ್ಲೇಟಿನಲ್ಲಿ ಬರೆದ, ‘ಕೋವಿ ನಿನಗೆ.’ ಮದ್ದಿನ ಕೊಂಬೂ ಅದರ ಜೊತೆಗೆ. ನನ್ನ ಎದುರಿಗೇ ಬರೆದದ್ದು. ಇಷ್ಟಕ್ಕೆ ಸುಮ್ನಿದ್ದಿದ್ರೆ? ಕೈಯಾರೆ ಮಾಡಿದ ಕೋವೀನೇ ಕೊಟ್ಟ ಮೇಲೆ ಇನ್ನೇನು ಬೇಕು ಮನುಷ್ಯನಿಗೆ?”

ತೇಪೆಯಮ್ಮ ಇನ್ನೊಂದು ತೂತಿಗೆ ಚೂರು ಕಾಗದ ಒತ್ತಿದಳು. ತಗಡಿನ ಮೇಲೆ ಮಳೆ ಕುಟ್ಟುತ್ತಿತ್ತು. ಟೀಚರ್ ತನ್ನ ಗುರಿಕಾಗದವನ್ನು ಯಾವಾಗಲೋ ಮಡಚಿ ಮಡಿಲಲ್ಲಿಟ್ಟುಕೊಂಡಿದ್ದಳು.

“ಮುಂದಿನದು ನನಗೆ ಆಗ ಗೊತ್ತಿರ್ಲಿಲ್ಲ,” ಮುದುಕಿ ಮುಂದುವರಿಸಿದಳು. “ಆಮೇಲೆ ತಕ್ಕಡಿಯೇ ತನ್ನ ಕೈಯಾರೆ ಬರೆದುಕೊಟ್ಟದ್ದು, ಗ್ರೇನು ಔನ್ಸು ಬರೆಯೋ ಅದೇ ದುಂಡು ಅಕ್ಷರದಲ್ಲಿ. ಕೇಳಿ. ಕೊನೇ ದಿನಗಳಲ್ಲಿ ನನ್ನ ತಮ್ಮನಿಗೆ ನುಂಗೋಕೆ ಆಗ್ತಿರ್ಲಿಲ್ಲ, ಬಾಯಲ್ಲಿ ಜೊಲ್ಲಿನ ಪಸೆಯೂ ಇರ್ಲಿಲ್ಲ. ಹತ್ತು ನಿಮಿಷಕ್ಕೊಂದು ಸಲ ಹತ್ತಿ ಉಂಡೆ ನೀರಲ್ಲಿ ಅದ್ದಿ ತುಟಿಗೆ, ವಸಡಿಗೆ, ಉಳಿದ ತುಂಡು ನಾಲಿಗೆಗೆ ಒತ್ತಬೇಕು ಅಂದಿದ್ರು ನರ್ಸಮ್ಮ. ಒತ್ತದೆ ಹೋದ್ರೆ ಚರ್ಮ ಬಿರಿದು ನಾಲಿಗೆ ಅಂಗುಳಕ್ಕೆ ಅಂಟ್ಕೊಳ್ಳೋದು. ಮೂರು ರಾತ್ರಿ ಮೂರು ಹಗಲು ನಾನು ಅದನ್ನೇ ಮಾಡಿ ಕಣ್ಣು ಕತ್ತಲೆ ಬರ್ತಿತ್ತು. ತಕ್ಕಡಿ ಅಂದ, ‘ಅಕ್ಕ, ನೀವು ಮನೆಗೆ ಹೋಗಿ ಸ್ನಾನ ಮಾಡಿ, ಒಂದು ಗಳಿಗೆ ಒರಗಿ ಬನ್ನಿ. ನಾನಿದ್ದೀನಲ್ಲ.’ ನಾನಿದ್ದೀನಲ್ಲ ಅಂದ… ನಾನು ಕುರ್ಚಿ ಬಿಟ್ಟುಕೊಟ್ಟೆ. ನೀರಿನ ಬಟ್ಟಲು ಅವನ ಕೈಗೆ ಕೊಟ್ಟವಳೂ ನಾನೇ.

“ನಾನು ಮೆಟ್ಟಿಲು ಇಳಿದಿರ್ಲಿಕ್ಕಿಲ್ಲ, ಇವನು ಸ್ಲೇಟು ನನ್ನ ತಮ್ಮನ ಎದೆ ಮೇಲಿಟ್ಟು, ‘ಈಗಾದ್ರೂ ನಿಜವಾದ ಅಳತೆ ಬರಿ’ ಅಂದನಂತೆ. ನನ್ನ ತಮ್ಮ ನಗೋ ಹಾಗೆ ಕಣ್ಣು ಮಾಡಿ ಬರೆದ… ಒಂದು ಕೊಂಬು ಮದ್ದು, ಹಾಸಿಗೆ ಬಟ್ಟೆ, ಎಂಜಲು. ಇವನು ಸ್ಲೇಟು ಒರೆಸಿದ. ‘ಸಾಯೋ ಹೊತ್ತಲ್ಲೂ ಹುಡುಗಾಟವಾ? ನಿಜ ಬರಿ.’ ಮತ್ತೆ ಅದೇ ಬರೆದ. ಆಗ ಇವನು ಹತ್ತಿ ಉಂಡೇನ ನೀರಲ್ಲಿ ಅದ್ದಿ, ತುಟಿಯಿಂದ ಎರಡು ಬೆರಳಷ್ಟು ದೂರದಲ್ಲಿ ಹಿಡಿದು, ‘ಬರಿ, ಕೊಡ್ತೀನಿ’ ಅಂದ.

“ಅರ್ಥ ಆಯ್ತಾ ನಿಮಗೆ? ಸಾಯ್ತಾ ಇರೋ ಮನುಷ್ಯ. ತುಟಿ ಮುಂದೆ ಒದ್ದೆ ಹತ್ತಿ. ಅದರಿಂದ ನೀರು ಒಂದೊಂದೇ ಹನಿ ಹೊದಿಕೆ ಮೇಲೆ ಬೀಳ್ತಿದೆ, ಬಾಯಿಗಲ್ಲ. ಒಂದು ಗಂಟೆ ಇಪ್ಪತ್ತು ನಿಮಿಷ! ಗಡಿಯಾರ ನೋಡಿ ಲೆಕ್ಕ ಇಟ್ಟಿದ್ದಾನೆ, ಪಾಪಿ. ನನ್ನ ತಮ್ಮ ಎಂಜಲು ಅಂತ ನಾಲ್ಕು ಸಲ ಬರೆದ. ಐದನೇ ಸಲ ಬರೆದದ್ದು ನೀರು ಅಂತ. ಆಮೇಲೆ ಬಳಪ ಬಿದ್ದುಹೋಯ್ತು. ಉಸಿರು ನಿಂತ ಮೇಲೆ ಇವನು ಏನು ಮಾಡ್ದ ಗೊತ್ತಾ? ಸ್ಲೇಟು ಒರೆಸಿ, ಹತ್ತಿ ಮತ್ತೆ ಅದ್ದಿ, ಸತ್ತವನ ತುಟಿಗೆ ಚೆನ್ನಾಗಿ ಒತ್ತಿ ಒದ್ದೆ ಮಾಡಿಟ್ಟ. ನಾನು ಬಂದು ನೋಡ್ದಾಗ ಒದ್ದೆ ಇರ್ಬೇಕಲ್ಲ!

“ಬಂದೆ, ನೋಡ್ದೆ, ಒದ್ದೆ ಇತ್ತು. ‘ಕೊನೇ ಉಸಿರವರೆಗೂ ನೀರು ಹಾಕ್ದೆಯಲ್ಲಪ್ಪ’ ಅಂತ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ಕೊಂಡು ಅತ್ತೆ. ಥೂ… ಈಗ್ಲೂ ನೆನಪಾದಾಗ ಹೋಗಿ ಮುಖ ತೊಳ್ಕೋತೀನಿ ನಾನು.”

ಅವಳು ಕಿಟಕಿಯ ರಟ್ಟನ್ನು ಸರಿಸಿ ಹೊರಕ್ಕೆ ಉಗುಳಿದಳು. ಮತ್ತೆ ಸ್ಟೂಲಿಗೆ ಬಂದು ಕೂತಳು.

“ತಿಂಗಳು ಕಳೀತು. ತಕ್ಕಡಿ ಆ ಕೋವಿ ತಗೊಂಡು ಮೈದಾನಕ್ಕೆ ಬಂದ. ನನಗೆ ಸಂತೋಷವೇ ಆಯ್ತು, ತಮ್ಮನ ಕೋವಿ ಸುಮ್ನೆ ತುಕ್ಕು ಹಿಡಿಯೋದು ಬೇಡ ಅಂತ. ಅದೇ ಕೊಂಬು, ಅದೇ ಹಾಸಿಗೆ ಬಟ್ಟೆ. ಎಂಜಲೊಂದು ಬಿಟ್ಟು ಬೇರೆ ಎಲ್ಲ ಪಸೆಯೂ ಹಾಕಿ ನೋಡ್ದ… ಕುರಿ ಕೊಬ್ಬು, ಜೇನುಮೇಣ, ಹರಳೆಣ್ಣೆ, ಸೋಪಿನ ನೀರು, ಅಂಗಡೀಲಿ ತಾನೇ ಕಲಸಿದ ಮುಲಾಮು. ಒಂದೊಂದಕ್ಕೂ ಐದು ಗುಂಡು, ಒಂದೊಂದಕ್ಕೂ ಪುಸ್ತಕದಲ್ಲಿ ಒಂದು ಸಾಲು. ಗುಂಡುಗಳೋ, ಒಂದು ಆಕಾಶಕ್ಕೆ ಒಂದು ಪಾತಾಳಕ್ಕೆ! ಊಟದ ತಟ್ಟೆಯಷ್ಟು ಅಗಲ. ಒಂದು ಸಲ ಹಲಗೆಗೇ ಬೀಳ್ಲಿಲ್ಲ. ಎಂಟು ವಾರ ಹೀಗೇ ಹೋಯ್ತು. ಇವನ ಕೆನ್ನೆ ಒಳಗೆ ಹೋಯ್ತು, ಕಣ್ಣ ಕೆಳಗೆ ಕಪ್ಪಾಯ್ತು.

“ಒಂಬತ್ತನೇ ಭಾನುವಾರ. ಬೆಳಿಗ್ಗೆ ಹತ್ತು ಗಂಟೆ, ಒಳ್ಳೇ ಬಿಸಿಲು. ನಾನು ಬದುವಿನ ಪಕ್ಕ ನಿಂತಿದ್ದೆ. ಇವನು ಹಾಸಿಗೆ ಬಟ್ಟೆ ಚೂರನ್ನ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡ್ದ. ಆಮೇಲೆ ಕಣ್ಣು ಮುಚ್ಚಿ, ಔಷಧಿ ಹಾಕ್ಕೊಂಡ ಹಾಗೆ ಬಾಯಿಗೆ ಹಾಕ್ಕೊಂಡ. ಓಹೋ, ಸೋತ ಅಂದ್ಕೊಂಡು ನಗು ಬಂತು ನನಗೆ. ಮರುಕ್ಷಣ ಅವನ ಕಣ್ಣು ಇಷ್ಟಗಲ ತೆರೀತು, ಎರಡು ಕೆನ್ನೆಯೂ ಉಬ್ಬಿದ್ವು.

“ಬಾಯಿ ಅವನದೇ, ಆದ್ರೆ ಬಂದ ನೀರು ಅವನದಲ್ಲ. ಹಾಗಂತ ಬರೆದಿದ್ದಾನೆ. ಬೆಚ್ಚಗೆ, ದಪ್ಪಗೆ, ನೂಲು ನೂಲಾಗಿ ನಾಲಿಗೆ ಕೆಳಗಿಂದ ಉಕ್ಕುತ್ತಾ ಬಂತಂತೆ, ಒಂದು ಬಾಯಿ ಹಿಡಿಯೋದಕ್ಕಿಂತ ಹೆಚ್ಚು. ಅದರ ರುಚಿ ಗುರುತಿತ್ತು ಅವನಿಗೆ. ವಾರ್ಡಿನ ಬಾಗಿಲಲ್ಲಿ ಕರ್ಚೀಫು ಒತ್ಕೊಂಡು ಮೂಗಿಗೆ ಬರದ ಹಾಗೆ ತಡೀತಿದ್ದನಲ್ಲ, ಆ ವಾಸನೆ… ಅದು ಈಗ ನಾಲಿಗೆ ಮೇಲೆ ರುಚಿಯಾಗಿ ಕೂತಿತ್ತು. ಬಟ್ಟೆ ಕಿತ್ತು ತೆಗೆದ, ಗದ್ದದಿಂದ ಎದೆವರೆಗೆ ಲೋಳೆ ಇಳೀತು. ಬೇಲಿ ಪಕ್ಕ ಓಡಿ ವಾಂತಿ ಮಾಡ್ದ. ಎಸೆದುಬಿಡ್ತಾನೆ ಅಂದ್ಕೊಳ್ತೀರಾ? ಎಸೀಲಿಲ್ಲ ರೀ! ವಾಪಸ್ ಬಂದು, ಆ ಬಟ್ಟೇನೇ ನಳಿಗೆ ಬಾಯಿಗಿಟ್ಟು ಗುಂಡು ದೂಡಿ ಹೊಡೆದ.

“ನಡುವಿನಿಂದ ಕೂದಲೆಳೆ ಎಡಕ್ಕೆ, ಕೂದಲೆಳೆ ಮೇಲಕ್ಕೆ.

“ಮತ್ತೊಂದು ಬಟ್ಟೆ ಬಾಯಿಗೆ, ಮತ್ತೆ ವಾಂತಿ, ಮತ್ತೆ ಗುಂಡು. ಐದು ಸಲ! ಕೊನೆಗೆ ಹೊಟ್ಟೇಲಿ ಏನೂ ಉಳಿದಿರ್ಲಿಲ್ಲ, ಬರೀ ಹಳದಿ ಪಿತ್ತ ಕಕ್ಕುತ್ತಿದ್ದ. ನಾನು ಹಲಗೆ ಹತ್ತಿರ ಹೋದೆ. ಒಂದೇ ತೂತು, ಕೋಟಿನ ಗುಂಡಿಯಷ್ಟು. ನನ್ನ ತಮ್ಮನ ತೂತು. ಅದನ್ನ ಬೆರಳಲ್ಲಿ ಸವರಿ ಸವರಿ ಖುಷಿಯಿಂದ ಅತ್ತೆ ನಾನು… ಏನು ಗೊತ್ತಿತ್ತು ನನಗೆ?

“ಆ ವರ್ಷ ಕಪ್ ತಕ್ಕಡಿಗೆ ಬಂತು. ವೇದಿಕೆ ಮೇಲೆ ನಿಂತು ಎರಡು ಮಾತಾಡೋಕೆ ಬಾಯಿ ತೆರೆದ, ಗೊರಗೊರ ಅಂತ ಸದ್ದು ಬಂತೇ ಹೊರತು ಮಾತು ಬರ್ಲಿಲ್ಲ. ಯಾಕೆ ಅಂದ್ರೆ, ಬಾಯಲ್ಲಿ ಬಟ್ಟೆ ಇದ್ದಾಗ ಆ ಕೊಳೆತ ಜೊಲ್ಲು ಉಕ್ಕೋದು, ಬಟ್ಟೆ ತೆಗೆದ್ರೆ ಬಾಯಿ ಸುಣ್ಣದ ಗೂಡಿನ ಹಾಗೆ ಒಣಗೋದು. ಕೊಡಗಟ್ಟಲೆ ನೀರು ಕುಡಿದ. ಗಂಟಲಿಗೆ ಇಳಿಯೋ ಮೊದಲೇ ಯಾರೋ ಹೀರ್ಕೊಂಡ ಹಾಗೆ ನೀರು ನಾಲಿಗೆ ಮೇಲೇ ಮಾಯ! ಅಂಗಡೀಲಿ ಗಿರಾಕಿಗಳ ಜೊತೆ ಮಾತಾಡ್ಬೇಕಲ್ಲ, ಏನು ಮಾಡ್ತಾನೆ? ಬಟ್ಟೆಚೂರು ಬಾಯಲ್ಲೇ ಇಟ್ಕೊಂಡ. ಇಪ್ಪತ್ತು ಸಲ ಕೈ ತೊಳೆಯೋ ಮನುಷ್ಯ, ಗದ್ದದಿಂದ ಲೋಳೆ ಸುರಿಸ್ಕೊಂಡು ಔಷಧಿ ತೂಗ್ತಾ ಇದ್ದ. ಒಂದು ದಿನ ತಕ್ಕಡಿ ತಟ್ಟೆಯೊಳಗೇ ಬಿತ್ತು ಒಂದು ನೂಲು. ಆಮೇಲೆ ಆ ಅಂಗಡಿ ಮೆಟ್ಟಿಲು ಯಾರು ಹತ್ತುತ್ತಾರೆ ಹೇಳಿ? ಅವನ ಹೆಂಡತಿ ಮೂಗು ಮುಚ್ಕೊಂಡು ತವರಿಗೆ ಹೋದಳು, ಬರ್ಲಿಲ್ಲ.

“ಒಂದು ಬೆಳಿಗ್ಗೆ ನನ್ನ ಮನೆ ಬಾಗಿಲು ತಟ್ಟಿದ. ಅಡುಗೆಮನೆ ಮೇಜಿನ ಮುಂದೆ ಕೂತು ಅಳತೆ ಪುಸ್ತಕ ನನ್ನ ಕಡೆ ದೂಡಿದ. ಕೊನೇ ಹಾಳೆಗಳಲ್ಲಿ ಈಗ ನಾನು ಹೇಳಿದ್ದೆಲ್ಲ ಇತ್ತು… ಹತ್ತಿ, ಸ್ಲೇಟು, ಒಂದು ಗಂಟೆ ಇಪ್ಪತ್ತು ನಿಮಿಷ. ನಾನು ನಿಧಾನಕ್ಕೆ ಓದ್ದೆ. ಎರಡು ಸಲ ಓದ್ದೆ. ಕೂಗ್ಲಿಲ್ಲ, ಹೊಡೀಲಿಲ್ಲ. ಎದ್ದು ಒಂದು ಬಟ್ಟಲಲ್ಲಿ ನೀರು ತಂದೆ, ಹತ್ತಿ ತಂದೆ. ಅವನ ಮುಖ ಅರಳ್ತು. ತುಟಿ ಬಿರಿದು ರಕ್ತ ಹೆಪ್ಪುಗಟ್ಟಿತ್ತು, ಮುಂದೆ ಚಾಚ್ದ. ನಾನು ಹತ್ತಿ ಅದ್ದಿ, ಆ ತುಟಿಯಿಂದ ಎರಡು ಬೆರಳಷ್ಟು ದೂರದಲ್ಲಿ ಹಿಡಿದು ಕೂತೆ.

“ಹೌದು, ಟೀಚರೇ. ಹಾಗೆ ನೋಡ್ಬೇಡಿ. ನೀವಾಗಿದ್ರೆ ಏನು ಮಾಡ್ತಿದ್ರಿ? ನನಗೂ ಗಡಿಯಾರ ನೋಡೋಕೆ ಬರುತ್ತೆ. ಒಂದು ಗಂಟೆ ಇಪ್ಪತ್ತು ನಿಮಿಷ ಕೂರ್ತೀನಿ, ಸಾಯೋದಾದ್ರೆ ಸಾಯ್ಲಿ ಅಂತ ಕೂತೆ. ನೀರು ಮೇಜಿನ ಮೇಲೆ ತೊಟ್ಟಿಕ್ತಿತ್ತು. ಅವನು ಅದನ್ನ ನೆಕ್ಕೋಕೆ ಬಗ್ಗಿದ, ನಾನು ಒರೆಸಿ ಹಾಕ್ದೆ. ಅರ್ಧ ಗಂಟೆ ಆಗಿರ್ಬೇಕು. ಅವನ ಬಾಯಿ ಅರೆ ತೆರೆದಿತ್ತು, ತುಟಿ ಅಲ್ಲಾಡ್ತಿರ್ಲಿಲ್ಲ, ಅವನು ನನ್ನನ್ನೇ ನೋಡ್ತಿದ್ದ. ಆ ಬಾಯಿಯ ಒಳಗಿಂದ, ಬಾವಿ ತಳದಿಂದ ಕೂಗಿದ ಹಾಗೆ ಬಂತು…

“‘ಅಹ್ಹಾ… ಈಯು…’

“ತಕ್ಕಡಿಗೆ ನಾಲಿಗೆ ಪೂರ್ತಿ ಇತ್ತು ರೀ. ಅಕ್ಕ ಅಂತ ಅವನು ಸ್ಪಷ್ಟವಾಗಿ ಅನ್ನಬಲ್ಲ. ಅಹ್ಹಾ ಅಂತ ನನ್ನನ್ನ ಕರೀತಿದ್ದವನು ಒಬ್ಬನೇ. ನೀರು ಕೇಳ್ತಾ ಸತ್ತವನು ಇನ್ನೂ ನೀರು ಕೇಳ್ತಿದ್ದ. ಎಲ್ಲಿಂದ? ಆ ಹೊಲಸು ಬಾಯೊಳಗಿಂದ! ಈಗ ಹೇಳಿ, ಹತ್ತಿ ಹಿಂದೆ ಎಳೀತೀರಾ? ತಮ್ಮನಿಗೆ ನೀರು ಕೊಡ್ಬೇಕು ಅಂದ್ರೆ ಅವನನ್ನ ಕೊಂದವನ ಬಾಯಿಗೇ ಹಾಕ್ಬೇಕು. ಬೇರೆ ದಾರಿ ಇಲ್ಲ. ನನ್ನ ಕೈ ಹೋಗ್ಲಿಲ್ಲ… ಆಮೇಲೆ ಮುಖ ಆ ಕಡೆ ತಿರುಗಿಸಿ ಒತ್ತಿದೆ. ತುಟಿಗೆ, ವಸಡಿಗೆ, ನಾಲಿಗೆಗೆ. ಒಳಗೆ ಯಾರೋ ಉಸ್ಸಪ್ಪಾ ಅಂದ ಹಾಗಾಯ್ತು. ಆ ಉಸಿರಿನ ಜೊತೆ ಅದೇ ಹೂದಾನಿ ವಾಸನೆ.

“ಕೋವಿ ಏನಾಯ್ತು ಅಂತ ತಾನೇ ನಿಮ್ಮ ಮನಸ್ಸಲ್ಲಿರೋದು? ಅವತ್ತೇ ಮಧ್ಯಾಹ್ನ ಸೀಸ ಕರಗಿಸಿ, ಆ ನಳಿಗೇನ ತಳದಿಂದ ಬಾಯಿವರೆಗೆ ತುಂಬಿಸಿ ಹಾಕ್ದೆ. ಅಳತೆ ಪುಸ್ತಕ ಒಲೆಗೆ. ತಕ್ಕಡಿ ನೋಡ್ತಾ ನಿಂತಿದ್ದ, ಬೇಡ ಅನ್ಲಿಲ್ಲ.”

ಮುದುಕಿ ಮೊಣಕಾಲಿಗೆ ಕೈಯೂರಿ ಎದ್ದಳು. ತೇಪೆ ಹಾಕಿದ ಕಾಗದಗಳನ್ನು ಬೆಂಚಿನ ಮೇಲೆ ಜೋಡಿಸಿ, ಮೂಲೆಯಲ್ಲಿದ್ದ ಕೊಡೆ ಎತ್ತಿಕೊಂಡಳು. ಮಳೆ ಇನ್ನೂ ನಿಂತಿರಲಿಲ್ಲ.

“ಅದಾಗಿ ಎಷ್ಟು ವರ್ಷ ಆಯ್ತು?” ಎಂದರು ಗಡಿಯಾರದಂಗಡಿಯವರು. ಅವರ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

“ಹತ್ತೊಂಬತ್ತು.”

“ಪಾಪ… ಅವನು ಯಾವಾಗ ಹೋದ?” ಎಂದಳು ಟೀಚರ್.

“ಯಾರು ಹೋದ?” ತೇಪೆಯಮ್ಮ ಬಾಗಿಲ ಬಳಿ ತಿರುಗಿ ನಿಂತಳು. “ಹೋಗೋಕೆ ಬಿಡ್ಬೇಕಲ್ಲ! ದಾದಿಯರು ನೋಡ್ಕೊಳ್ಳೋ ಮನೇಲಿ ಮಲಗಿದ್ದಾನೆ, ಇಲ್ಲಿಂದ ಎರಡು ಬೀದಿ ಆಚೆ. ಎರಡು ವರ್ಷದಿಂದ ಜ್ಞಾನ ಇಲ್ಲ, ಕಣ್ಣು ತೆರೆಯಲ್ಲ. ಗಂಟಲು ಸತ್ತುಹೋಗಿದೆ, ಒಂದು ಹನಿಯೂ ನುಂಗಲಾರ ಅಂತಾರೆ ಡಾಕ್ಟರು, ಹೇಗೆ ಉಸಿರಾಡ್ತಿದ್ದಾನೋ ಅಂತ ತಲೆ ಕೆರ್ಕೋತಾರೆ. ನಾನು ದಿನಾ ಸಂಜೆ ಹೋಗ್ತೀನಿ. ಬಟ್ಟಲು, ಹತ್ತಿ. ಹತ್ತೊಂಬತ್ತು ವರ್ಷದಿಂದ ಒಂದು ಸಂಜೆಯೂ ತಪ್ಪಿಲ್ಲ, ಹತ್ತೊಂಬತ್ತು ವರ್ಷದಿಂದ ಒಂದು ಸಂಜೆಯೂ ಅಸಹ್ಯ ಕಮ್ಮಿ ಆಗಿಲ್ಲ.”

ಅವಳು ಕೊಡೆ ಬಿಚ್ಚಿದಳು. ಇರಚಲು ಒಳಗೆ ನುಗ್ಗಿ ಟೀಚರ್ ಕಾಲು ನೆನೆಯಿತು.

“ನಿನ್ನೆ ಹತ್ತಿ ಒತ್ತಿದಾಗ ಒಳಗಿಂದ ಎಳೆದ ಹಾಗಾಗಿ ಕೈ ತಪ್ಪಿ ಹೋಯ್ತು. ಈಚೆಗೆ ತೆಗೀಬೇಕಲ್ಲ ಅಂತ ಬೆರಳು ಹಾಕ್ದೆ. ಅವನದು ಪೂರ್ತಿ ನಾಲಿಗೆ, ಕಲ್ಲಿನ ಹಾಗೆ ಒಣಗಿ ಅಲ್ಲಾಡದೆ ಬಿದ್ದಿದೆ, ನನಗೆ ಗೊತ್ತು. ಅದರ ಕೆಳಗಿಂದ ಇನ್ನೊಂದು ಬಂದು ನನ್ನ ಬೆರಳು ನೆಕ್ತಲ್ಲ, ಟೀಚರೇ… ಬೆಚ್ಚಗಿತ್ತು, ಅರ್ಧವೇ ಇತ್ತು.”